ನಾಲ್ಕು ಬಳೆಯ ಕುರ್ಚಿ

ಹಿಂದಿನ ಸಲ ಹೆಣ್ಣು ನೋಡಲು ಬಂದವರು ಮಗಳಿಗಿಂತ ಮೊದಲು ಹಾಸಿದ ಚಾಪೆಯನ್ನು ನೋಡಿ ಎದ್ದು ಹೋಗಿದ್ದರು. ಅದೇ ಸಂಕಟಕ್ಕೆ ನೀಲವ್ವ ಗುಜರಿ ಅಂಗಡಿಯಿಂದ ಹಳೆಯ ಸಾಗವಾನಿ ಕುರ್ಚಿಯೊಂದನ್ನು ಹೊರಿಸಿಕೊಂಡು ಬಂದಳು. ಎಂಟು ದಿನ ಉಜ್ಜಿದಳು, ಹಸಿರು ಬಣ್ಣ ಬಳಿದಳು, ಹರಿದ ಇಳಕಲ್ ಸೀರೆಯಿಂದ ಅದಕ್ಕೊಂದು ದಿಂಬು ಹೊಲಿದಳು. ಕುರ್ಚಿಯ ಎರಡೂ ಪಕ್ಕ ಎರಡೆರಡು ಕಬ್ಬಿಣದ ಬಳೆಗಳಿದ್ದವು. ಯಾತಕ್ಕೋ ತಿಳಿಯದೆ ಅವಕ್ಕೆ ಪ್ಲಾಸ್ಟಿಕ್ ಹೂವು ಸಿಕ್ಕಿಸಿದಳು.

ಈ ಸಲ ಹುಡುಗನ ಸೋದರಮಾವ ಬಂದ. ಆ ಮನೆಯಲ್ಲಿ ಅವನ ಮಾತೇ ಕೊನೆ. ಕುರ್ಚಿಯಲ್ಲಿ ಮೈ ಇಳಿಬಿಟ್ಟು ಕೂತವನು ಹಾಯಾಗಿ ಕಣ್ಣು ಮುಚ್ಚಿದ.

“ಎಲ್ಲಿ ಮಾಡ್ಸಿದ್ರಿ ತಂಗೀ? ನನ್ನ ಮೈ ಅಳತಿ ತಗೊಂಡು ಮಾಡಿದಂಗೈತಿ.”

“ನಿಮ್ಮಂಥವ್ರು ಬರ್ತಾರಂತ ಇಟ್ಟೀನ್ರಿ ಅಣ್ಣಾರ.”

“ಹಂಗಾರ ಹುಡುಗಿ ಒಪ್ಪಿಗಿ. ಬಂಗಾರ ಬ್ಯಾಡ, ಬೆಳ್ಳಿ ಬ್ಯಾಡ. ಮದಿವ್ಯಾಗ ಈ ಕುರ್ಚಿ ನನಗ ಕೊಡ್ಬೇಕು.”

“ಇವತ್ತ ಒಯ್ರಿ!” ಎಂದಳು ನೀಲವ್ವ, ಕಣ್ಣೊರೆಸಿಕೊಳ್ಳುತ್ತ.

ಅಷ್ಟರಲ್ಲಿ ಮುಹೂರ್ತ ಹೇಳಲು ಮಠದ ಅಯ್ಯನವರು ಬಂದರು. ಹೊಸ್ತಿಲಲ್ಲೇ ನಿಂತು ಹೂವಿನ ಹಿಂದಿನ ಬಳೆಗಳನ್ನು ಒಂದೊಂದಾಗಿ ನೋಡಿದರು.

ಸೋದರಮಾವ ಕೂತಲ್ಲಿಂದಲೇ ಕೈ ಮುಗಿದ. “ತಪ್ಪು ತಿಳೀಬ್ಯಾಡ್ರಿ ಅಯ್ಯಾರ, ಇದರಾಗಿಂದ ಏಳಾಕ ಮನಸ್ಸ ಬರವಲ್ದು.”

“ಹೆಂಗ ಬಂದೀತಪಾ?” ಎಂದರು ಅಯ್ಯನವರು. “ಆ ಬಳ್ಯಾಗ ಬಿದಿರು ತೂರ್ಸಿ ಸುಡಗಾಡತನಕ ನಾವ ಹೊತ್ತೀವಿ; ಇಲ್ಲೀತನಕ ಅದರಾಗ ಕುಂತವ್ರು ಯಾರೂ ತಾವಾಗಿ ಎದ್ದಿಲ್ಲ.”