ಕರೀಮಸಾಬರ ಕಾಲರ್

ಎದುರಂಗಡಿಯಿಂದ ಬಂದು ಕೂತ ಟೇಲರ್ ಉಳಿವೆಪ್ಪ ಆಡಿದ ಮಾತೆಲ್ಲ ಅವನ ಹೊಸ ಫೋನಿನ ಮೇಲೆ ಅಕ್ಷರವಾಗಿ ಮೂಡುತ್ತಿತ್ತು. ನಾಲ್ಕು ವರ್ಷದಿಂದ ಕಿವಿ ಕೇಳದ ಕರೀಮಸಾಬರು ಹೊಲಿಗೆ ನಿಲ್ಲಿಸಿ, ಕನ್ನಡಕ ಏರಿಸಿ ಓದಿದರು. ಸವಣೂರಿನ ನಾಲ್ಕು ವರ್ಷದ ಸುದ್ದಿ ಒಂದೇ ದಿನ ಸಿಕ್ಕಂತಾಗಿ ಹೊಟ್ಟೆ ಹಿಡಿದುಕೊಂಡು ನಕ್ಕರು.

“ನನ್ನ ಫೋನಿಗೂ ಇದನ್ನ ಹಾಕಿ ಕೊಡಪಾ!” ಕಿವಿ ಹೋದಾಗಿನಿಂದ ಅವರು ಆಡುವುದೆಲ್ಲ ಕೂಗೇ. ಅದು ಅವರೊಬ್ಬರನ್ನು ಬಿಟ್ಟು ಟೇಲರ್‌ಗಳ ಆ ಓಣಿಗೆಲ್ಲ ಗೊತ್ತಿತ್ತು.

“ಬರಂಗಿಲ್ರಿ ಚಾಚಾ. ಇದು ಈ ಕಂಪನಿ ಫೋನಿನ್ಯಾಗ ಅಷ್ಟ. ಬ್ಯಾರೆ ಕಂಪನಿಗೆ ಕೊಡಂಗಿಲ್ಲ ಅವ್ರು.”

“ಯಾಕ ಕೊಡಂಗಿಲ್ಲ? ಲೈಸೆನ್ಸ್ ಮಾಡಿ ಕೊಡ್ಲಿ, ಬೇಕಾದ್ರ ರೊಕ್ಕಾ ತಗೋಲಿ! ಕಿವುಡರೆಲ್ಲಾ ಒಂದ ಕಂಪನಿ ಫೋನ್ ತಗೊಂಡಾರೇನು?”

“ಕಷ್ಟಪಟ್ಟು ಮಾಡಿದ್ದನ್ನ ಎದುರಂಗಡಿಯವಂಗ ಯಾಕ ಕೊಡ್ತಾರ್ರಿ?” ಎಂದವನೇ ಉಳಿವೆಪ್ಪ ನಾಲಿಗೆ ಕಚ್ಚಿಕೊಂಡ.

ಮೂಲೆಯಲ್ಲಿ ಗುಂಡಿ ಹಚ್ಚುತ್ತಿದ್ದ ಹೆಂಡತಿ ಹುಸೇನಬಿ ಗೊಣಗಿದಳು. ನಾಲ್ಕು ವರ್ಷದಿಂದ ಹೀಗೆ ಧೈರ್ಯವಾಗಿ ಗೊಣಗುವುದು ಅವಳಿಗೆ ರೂಢಿಯಾಗಿಬಿಟ್ಟಿತ್ತು. ಫೋನು ಅದನ್ನೂ ಬರೆಯಿತು: “ತಾವು ಹೊಲಿಯೂ ಜುಬ್ಬಾದ ಅಳತಿ ಕಾಗದ ಮೂವತ್ತ ವರ್ಷದಿಂದ ಯಾರಿಗೂ ತೋರಸದಂಗ ಟ್ರಂಕಿನ್ಯಾಗ ಕೀಲಿ ಹಾಕಿ ಇಟ್ಟಾರ. ಈಗ ಕಂಪನಿಗೆ ಬೈಯಾಕತ್ತಾರ.”

ಕರೀಮಸಾಬರು ಎರಡು ಸಲ ಓದಿದರು. ಹೆಂಡತಿ ಕಡೆ ನೋಡಿದರೆ ಅವಳು ತಲೆ ಎತ್ತಲೊಲ್ಲಳು. ಅವರಿಗೆ ನಿಜವಾಗಿಯೂ ನಾಚಿಕೆಯಾಯಿತು. ಎದ್ದು ಹೋಗಿ ಟ್ರಂಕು ತೆಗೆದು, ಹಳದಿ ತಿರುಗಿದ ಕಾಗದವನ್ನು ತಂದು ಉಳಿವೆಪ್ಪನ ಮುಂದಿಟ್ಟರು.

“ತಗೋ, ನೀನೂ ಹೊಲಿ. ಲೈಸೆನ್ಸ್ ಫೀ ಅಂದ್ರ, ದಿನಾ ಈ ಫೋನ್ ತಗೊಂಡು ನಮ್ಮಲ್ಲಿ ಚಹಾಕ್ಕ ಬರೂದು.”

ಉಳಿವೆಪ್ಪ ಕಾಗದ ಮುಟ್ಟಲಿಲ್ಲ. “ಚಹಾಕ್ಕ ಬರ್ತೇನ್ರಿ. ಅಳತಿ ನನಗ ಗೊತ್ತೈತಿ, ನಿಮ್ಮ ಜುಬ್ಬಾ ಒಂದು ಬಿಚ್ಚಿ ನೋಡೇನಿ. ಆದ್ರ ನಾ ಹೊಲದದ್ದು ಒಂದ ಸಲ ಒಗದ್ರ ಸಾಕು, ಕಾಲರ್ ಮುದುಡತೈತಿ. ನಿಮ್ಮದು ನೆಟ್ಟಗ ನಿಂತಿರ್ತೈತಿ.”

ಓದುತ್ತಿದ್ದಂತೆ ಕರೀಮಸಾಬರ ಮುಖ ಅರಳಿತು. “ಅದು ಕಾಗದದಾಗ ಇಲ್ಲ!” ಎಂದು ಬಾಗಿಲಾಚೆ ಆ ಕಡೆ ಈ ಕಡೆ ನೋಡಿ, ಬಾಯಿಗೆ ಕೈ ಅಡ್ಡ ಹಿಡಿದು, ಉಳಿವೆಪ್ಪನ ಕಿವಿಯ ಹತ್ತಿರ ಬಗ್ಗಿದರು. ಪಿಸುಗುಟ್ಟುತ್ತಿದ್ದೇನೆಂದೇ ಅವರು ತಿಳಿದಿದ್ದರು.

“ಕಾಲರಿನ ಒಳಗ ಹಾಕೂ ಕ್ಯಾನ್ವಾಸ್ ಮೊದಲ ಒಂದಿನ ನೀರಾಗ ನೆನಸು! ಒಣಗಿದ ಮ್ಯಾಲ ಕತ್ತರಸು! ಯಾರ ಮುಂದೂ ಹೇಳಬ್ಯಾಡ!”

ಓಣಿಯ ಹೊಲಿಗೆ ಯಂತ್ರಗಳೆಲ್ಲ ಒಮ್ಮೆಲೇ ನಿಂತವು.