ದವಡೆಯ ಟಿಕ್ ಸದ್ದು

ಆಪರೇಷನ್ ಕೋಣೆಯ ಹೊರಗೆ ನೀಲಗಂಗವ್ವ ಕೂತಲ್ಲಿ ಕೂರಲಾರದೆ ಏಳುತ್ತಿದ್ದಳು, ನಿಂತಲ್ಲಿ ನಿಲ್ಲಲಾರದೆ ಕೂರುತ್ತಿದ್ದಳು. ತೀರಿಹೋದ ಗಂಡ ಚನ್ನಬಸಪ್ಪನ ಕೀಲುಗಳನ್ನು ಊರ ರೂಢಿಯಂತೆ ಬೇಕಾದವರಿಗೆ ಒಂದೊಂದಾಗಿ ಹಂಚಲಾಗುತ್ತಿತ್ತು. ಅವನ ಮೊಣಕಾಲು ಪೋಸ್ಟ್‌ಮ್ಯಾನ್‌ಗೆ ಸೇರಿ, ದಿನಾ ಬೆಳಿಗ್ಗೆ ಅವಳ ಬಾಗಿಲ ಮುಂದೆಯೇ ಹಾದುಹೋಗುತ್ತಿತ್ತು. ಇವತ್ತು ದವಡೆಯ ಕೀಲಿನ ಸರದಿ.

ಆ ಕೀಲು ತುತ್ತಿಗೊಮ್ಮೆ ಟಿಕ್ ಎನ್ನುತ್ತಿತ್ತು. ಮೂವತ್ತು ವರ್ಷ ಅವಳು ಅದಕ್ಕೆ ಬೈದಿದ್ದಳು. ಬಳಸಿದ ಪಾತ್ರೆಯನ್ನು ಬೆಳಗಿಯೇ ಕೊಡಬೇಕೆನ್ನುವ ಮರ್ಯಾದೆಯವಳು, 'ಸದ್ದು ತೆಗೆದು ಕೊಡಿ' ಎಂದು ಫಾರಂನಲ್ಲಿ ತಾನೇ ಬರೆಸಿದ್ದಳು. ಆದರೆ ನಿನ್ನೆ ಒಬ್ಬಳೇ ಉಣ್ಣುವಾಗ ಮನೆ ಎಷ್ಟು ಸುಮ್ಮನಿತ್ತೆಂದರೆ, ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಎದ್ದಿದ್ದಳು.

"ಡಾಕ್ಟರ್ ಇನ್ನೇನು ಸದ್ದು ಹೋಗೂಹಂಗ ಕೀಲು ಉಜ್ಜಾಕ ಕುಂದರ್ತಾರವ್ವಾ. ಬ್ಯಾಡ ಅನ್ನಬೇಕಂದ್ರ ಹಾಕಿಸ್ಕೊಳ್ಳಾವ್ರು ಒಪ್ಪಬೇಕು," ಎಂದಳು ನರ್ಸ್.

ಹಾಕಿಸಿಕೊಳ್ಳುವ ದಾವಲಸಾಬ ಅಲ್ಲೇ ಬಾಗಿಲ ಪಕ್ಕ ಸ್ಟ್ರೆಚರ್ ಮೇಲೆ ಮಲಗಿದ್ದ. ದವಡೆ ಬಿಗಿದುಕೊಂಡು ಒಂಬತ್ತು ವರ್ಷದಿಂದ ಗಂಜಿ ಕುಡಿದೇ ಬದುಕಿದವನು. ಅವನ ಮಾತೆಲ್ಲ ಸ್ಲೇಟಿನ ಮೇಲೆ.

"ಯಪ್ಪಾ, ಅದರ ಸದ್ದು ತಗೀಬ್ಯಾಡ್ರಿ ಅನ್ನಪಾ," ಎಂದಳು ನೀಲಗಂಗವ್ವ. "ಖರೇ ಹೇಳತೀನಿ, ಆ ಸದ್ದಿಗೆ ನಿನ್ನ ಹೇಣ್ತಿ ದಿನಾ ಬೈತಾಳ. ನಾನೂ ಬೈದೇನಿ. ಆದ್ರ ಒಮ್ಮೊಮ್ಮೆ ಬಂದು, ನೀ ಉಣ್ಣೂದು ಕೇಳಿ ಹೋಗ್ತೀನಿ."

ದಾವಲಸಾಬ ಸ್ಲೇಟು ಎಳೆದುಕೊಂಡು ಬರೆದ. ನರ್ಸ್ ಗಟ್ಟಿಯಾಗಿ ಓದಿದಳು:

"ಬೈಲಿ ಬಿಡವ್ವಾ. ತಿರುಗಿ ಬೈಯಾಕ ಇನ್ನ ನನಗೂ ಬಾಯಿ ಬರ್ತದಲ್ಲ. ನೀ ಬರೂವಾಗ ಖಡಕ್ ರೊಟ್ಟಿ ತಗೊಂಬಾ."

ಓದಿದ್ದೇ ತಡ, ಡಾಕ್ಟರಿಗೆ ತೋರಿಸಲು ಸ್ಲೇಟು ಹಿಡಿದುಕೊಂಡೇ ನರ್ಸ್ ಒಳಗೆ ಓಡಿದಳು.