ಅವನೇ ಬಂದು ನೋಡಲಿ

ಗಾಳದ ಕೋಲು ಬಿಲ್ಲಿನ ಹಾಗೆ ಬಾಗಿತು. ಬಹಳ ಹೊತ್ತು ಗುದ್ದಾಡಿ ಕ್ಷೌರಿಕ ಮೀನನ್ನು ದಡದ ಹತ್ತಿರಕ್ಕೆ ಎಳೆದ. ಅದರ ಹರಿದ ತುಟಿ ಕಂಡದ್ದೇ ಗುರುತು ಹಿಡಿದ. ಯಜಮಾನ!

ಹೊಳೆಯ ಆ ಮಡುವಿನಲ್ಲಿ ಗಾಳ ಹಾಕುವವರೆಲ್ಲ ಆ ಮುದಿ ಮೀನನ್ನು ಹಾಗೇ ಕರೆಯುತ್ತಿದ್ದರು. ಯಾರಿಗೆ ಸಿಕ್ಕರೂ ನೀರಿನಲ್ಲೇ ಗಾಳ ಬಿಡಿಸಿ ಬಿಟ್ಟುಬಿಡುತ್ತಿದ್ದರು. ಅದಕ್ಕೇ ಅದು ಇಷ್ಟು ವರ್ಷ ಬಾಳಿತ್ತು. ಸಿಗದೆ ಉಳಿದದ್ದು ಕ್ಷೌರಿಕನಿಗೆ ಮಾತ್ರ. ಅವನ ಹೆಂಡತಿಯ ತಮ್ಮನಿಗಂತೂ ಎರಡು ಸಲ ಸಿಕ್ಕಿತ್ತು. ಅವನಿಗೆ ಗಾಳ ಕಟ್ಟಲು ಕಲಿಸಿದವನೇ ಕ್ಷೌರಿಕ! ಈಗ ಗಿರಾಕಿಗಳು ಅವನ ಕೈಯಲ್ಲೇ ಗಲ್ಲಕ್ಕೆ ನೊರೆ ಹಚ್ಚಿಸಿಕೊಳ್ಳುತ್ತಾ, "ನಿನ್ನ ಬಾಮೈದನ ಕೈಗುಣವೇ ಕೈಗುಣ ಬಿಡಪ್ಪ" ಎನ್ನುವಾಗ ಹೊಟ್ಟೆಯಲ್ಲಿ ಕೆಂಡ ಸುರಿದಂತಾಗುತ್ತಿತ್ತು.

ಮೀನನ್ನು ಕೈಬಲೆಗೆ ಹಾಕಿ, ಬಲೆಯನ್ನು ದಡದ ನೀರಿನಲ್ಲಿಟ್ಟು ಬಾಮೈದನಿಗೆ ಫೋನ್ ಮಾಡಿದ.

"ಬೇಗ ಬಾರೋ. ಯಜಮಾನ ಸಿಕ್ಕಿದಾನೆ."

"ಹೌದಾ ಭಾವ! ಒಂದು ಫೋಟೋ ತೆಗೆದು ಬಿಟ್ಬಿಡಿ. ಬಿಸಿಲು ಜೋರಾಗಿದೆ, ಮುದುಕ ತಡ್ಕೊಳ್ಳಲ್ಲ."

"ಫೋಟೋ ಯಾರು ನಂಬ್ತಾರೆ? ನೀನೇ ಬಂದು ಕಣ್ಣಾರೆ ನೋಡು."

"ಬರ್ತೀನಿ, ಆದ್ರೆ ಮೊದಲು ಬಿಡಿ ಭಾವ..."

"ನನಗೇ ಹೇಳ್ಕೊಡ್ತೀಯಾ?" ಎಂದು ಫೋನ್ ಇಟ್ಟ.

ದಡದ ನೀರು ಮೊಣಕಾಲುದ್ದವೂ ಇರಲಿಲ್ಲ, ಉಗುರುಬೆಚ್ಚಗಿತ್ತು. ಬಲೆಯೊಳಗೆ ಮೀನು ಬಾಯಿ ತೆರೆದು ಮುಚ್ಚುತ್ತಿತ್ತು. ಅದರ ಕಿವಿರುಗಳ ಬಡಿತ ನಿಧಾನವಾಯಿತು. ಒಮ್ಮೆ ಬಿಟ್ಟುಬಿಡೋಣ ಎಂದು ಬಲೆಯ ಬಾಯಿಗೆ ಕೈ ಹಾಕಿದ. 'ಭಾವ ಸುಮ್ನೆ ಬೊಗಳೆ ಬಿಟ್ರು' ಎಂದು ಅವನು ನಾಳೆ ನಕ್ಕರೆ? ಕೈ ಹಿಂದೆಗೆದ.

ಭಾವಮೈದುನ ಓಡಿ ಬಂದವನೇ ಚಪ್ಪಲಿ ಸಮೇತ ನೀರಿಗಿಳಿದ. ಮೀನನ್ನು ಎರಡೂ ಕೈಗಳಲ್ಲಿ ಎತ್ತಿಕೊಂಡು ಹರಿವಿನ ನಡುವೆ ಸೊಂಟಮಟ್ಟದ ನೀರಿಗೆ ಒಯ್ದ. ಕಿವಿರಿಗೆ ನೀರು ನುಗ್ಗಲೆಂದು ತಲೆಯನ್ನು ಹರಿವಿಗೆ ಎದುರಾಗಿ ಹಿಡಿದು, ಜ್ವರ ಬಂದ ಮಗುವನ್ನು ಹಿಡಿದವನಂತೆ ಕಾದ. ಕಿವಿರು ಒಂದು ಸಲ ಅಲುಗಿತು. ಕೈ ಸಡಿಲಿಸಿದ. ಮೀನು ಮೆಲ್ಲಗೆ ಮಗುಚಿಕೊಂಡು ಬಿಳಿ ಹೊಟ್ಟೆ ತೋರಿಸಿತು.

"ನಾನು ಬರ್ಲಿ ಅಂತ ಇಟ್ಕೊಂಡಿದ್ರಾ?"

ಕ್ಷೌರಿಕ ಖಾಲಿ ಬಲೆಯ ನೀರು ಕೊಡವಿದ.

"ಕೊನೆಗೆ ಹಿಡಿದೋರು ನೀವೇ ಆದ್ರಿ ಭಾವ," ಎಂದ ಅವನು ಮುಖ ತಿರುಗಿಸದೆ. "ಇನ್ನು ಯಾರಿಗೂ ಸಿಗಲ್ಲ."

ಆ ದನಿಯಲ್ಲಿದ್ದ ಅಳು ಕ್ಷೌರಿಕನಿಗೆ ತಿಳಿಯದೆ ಇರಲಿಲ್ಲ. ಆದರೂ ಆ ಮಾತು ಅವನ ಕಿವಿಗೆ ಹಿತವಾಗಿತ್ತು.